‘ಅವನಿಗೆ ಸೊಕ್ಕು ಜಾಸ್ತಿ’

ಇಂಗ್ಲಿಷಿನವರು ‘ಪ್ರೈಡ್’ ಅಂತ ಒಂದೇ ಪದದಲ್ಲಿ ಮುಗಿಸಿಬಿಡೋದಕ್ಕೆ ಕನ್ನಡದಲ್ಲಿ ಎಷ್ಟು ಪದ ಇವೆ ಅಂತ ಯಾವತ್ತಾದ್ರೂ ಎಣಿಸಿದ್ದೀರಾ? ಮೆಸ್ಸಿನಲ್ಲಿ ಸಾಂಬಾರಿಗೆ ಕಾಯ್ತಾ ನಾವು ನಾಲ್ಕು ಜನ ಎಣಿಸೋಕೆ ಶುರು ಮಾಡಿದ್ವಿ. ಹೆಮ್ಮೆ, ಅಭಿಮಾನ, ಸ್ವಾಭಿಮಾನ, ಗರ್ವ, ಮದ, ಅಹಂಕಾರ, ದರ್ಪ, ಜಂಬ, ಬಿಂಕ, ಠೇಂಕಾರ, ಸೊಕ್ಕು, ಕೊಬ್ಬು. ಹುಬ್ಬಳ್ಳಿಯವನು ‘ಧಿಮಾಕು’ ಸೇರಿಸಿದ, ಮಂಡ್ಯದವಳು ‘ತಿಮಿರು’ ಅಂದಳು. ಕೊನೆಗೆ ಯಾರೋ ‘ಗತ್ತು’ ಅಂದಾಗ ಜಗಳ ಶುರುವಾಯ್ತು. ಗತ್ತು ಬೈಗುಳ ಅಲ್ಲ, ಮೆಚ್ಚುಗೆ ಅಂತ ಒಬ್ಬ. ಯಾರ ಗತ್ತು ಅನ್ನೋದರ ಮೇಲೆ ಹೋಗುತ್ತೆ ಅಂತ ಇನ್ನೊಬ್ಬ.

ನನಗೆ ಎರಡನೆಯವನ ಮಾತೇ ಸರಿ ಅನ್ನಿಸಿತು. ಈ ಪದಗಳನ್ನ ಒಂದು ಸಲ ಸಾಲಾಗಿ ಇಟ್ಟು ನೋಡಿ. ಒಳ್ಳೇ ಅರ್ಥ ಇರೋದು ಮೂರೋ ನಾಲ್ಕೋ. ಉಳಿದಿದ್ದೆಲ್ಲಾ ಬೇರೆಯವರ ಬೆನ್ನ ಹಿಂದೆ ಆಡೋ ಮಾತು. ‘ನನಗೆ ಸೊಕ್ಕು ಜಾಸ್ತಿ’ ಅಂತ ಯಾರೂ ತಮ್ಮ ಬಗ್ಗೆ ಹೇಳಿಕೊಳ್ಳಲ್ಲ. ನನ್ನದಾದರೆ ಸ್ವಾಭಿಮಾನ, ನಿನ್ನದಾದರೆ ಅಹಂಕಾರ. ಊರ ಕಡೆ ಇದು ಇನ್ನೂ ಸ್ಪಷ್ಟ. ಜಮೀನುದಾರರ ಮಗ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬುಲೆಟ್ಟಿನಲ್ಲಿ ಬಂದರೆ ‘ಏನ್ ಗತ್ತು ನೋಡು’. ಕೂಲಿಯವರ ಮಗ ಅದೇ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಬಂದರೆ ‘ನಾಲ್ಕು ಕಾಸು ಬಂತು, ಸೊಕ್ಕು ನೋಡು’. ಕನ್ನಡಕ ಬದಲಾಗಿಲ್ಲ, ಅದನ್ನು ಹಾಕಿದ ಮುಖ ಬದಲಾಗಿದೆ ಅಷ್ಟೇ.

ಹಾಗಾಗಿ ‘ಹೆಮ್ಮೆ ಒಳ್ಳೇದಾ ಕೆಟ್ಟದ್ದಾ’ ಅಂತ ಕೇಳೋರಿಗೆ ನನ್ನ ಮೊದಲ ಪ್ರಶ್ನೆ, ಯಾರದ್ದು ಸ್ವಾಮಿ?

ಇದರ ಬಗ್ಗೆ ಒಂದು ಸುಲಭದ ಕಥೆ ಚಾಲ್ತಿಯಲ್ಲಿದೆ. ಹಿಂದಿನ ಕಾಲದಲ್ಲಿ ಹೆಮ್ಮೆ ಪಾಪವಾಗಿತ್ತು, ಈಗಿನ ಕಾಲದಲ್ಲಿ ಅದೇ ಸದ್ಗುಣ ಆಗಿಬಿಟ್ಟಿದೆ, ಕಾಲ ಕೆಟ್ಟೋಯ್ತು ಅನ್ನೋದು. ಮೇಲ್ನೋಟಕ್ಕೆ ಹೌದು ಅನ್ನಿಸುತ್ತೆ. ನಮ್ಮ ಅರಿಷಡ್ವರ್ಗದಲ್ಲಿ ಮದ ಇದೆ. ಯೂರೋಪಿನಲ್ಲಿ ಆರನೇ ಶತಮಾನದ ಕೊನೆಗೆ ಪೋಪ್ ಗ್ರೆಗರಿ ಪಾಪಗಳ ಪಟ್ಟಿ ಮಾಡಿದಾಗ ಎಲ್ಲ ಪಾಪಗಳ ಬೇರು ಅಂತ ಹೇಳಿದ್ದು ಗರ್ವವನ್ನೇ. ಡಾಂಟೆ ತನ್ನ ಕಾವ್ಯದಲ್ಲಿ ಗರ್ವಿಗಳಿಗೆ ಕೊಟ್ಟ ಶಿಕ್ಷೆ ಸಿವಿಲ್‌ನವರಿಗೆ ಇಷ್ಟ ಆಗಬಹುದು: ಬೆನ್ನ ಮೇಲೆ ದೊಡ್ಡ ದೊಡ್ಡ ಬಂಡೆ ಹೊತ್ತುಕೊಂಡು, ಎದೆ ಮೊಣಕಾಲಿಗೆ ತಾಗೋ ಹಾಗೆ ಬಗ್ಗಿ ಬೆಟ್ಟ ಸುತ್ತಬೇಕು. ಬದುಕಿದ್ದಾಗ ತಲೆ ಎತ್ತಿ ನಡೆದವರು ಸತ್ತ ಮೇಲೆ ನೆಲ ಮಾತ್ರ ನೋಡಬೇಕು.

ಆದರೆ ಅದಕ್ಕೂ ಮೊದಲೇ ಗ್ರೀಸಿನಲ್ಲಿ ಅರಿಸ್ಟಾಟಲ್ ಬೇರೆ ಮಾತು ಹೇಳಿದ್ದ. ದೊಡ್ಡದಕ್ಕೆ ಯೋಗ್ಯನಾಗಿದ್ದು, ತಾನು ಯೋಗ್ಯ ಅಂತ ತಿಳಿದಿರೋದು ಒಂದು ಗುಣ. ಯೋಗ್ಯತೆ ಇಲ್ಲದೆ ಹಾಗೆ ಅಂದುಕೊಳ್ಳೋದು ದೋಷ, ಯೋಗ್ಯತೆ ಇದ್ದೂ ‘ನಾನೇನೂ ಅಲ್ಲಪ್ಪಾ’ ಅನ್ನೋದೂ ದೋಷವೇ. ಹದಿನೆಂಟನೇ ಶತಮಾನದಲ್ಲಿ ಡೇವಿಡ್ ಹ್ಯೂಮ್ ಕೂಡ ತಕ್ಕಮಟ್ಟಿನ ಹೆಮ್ಮೆ ಮನುಷ್ಯನಿಗೆ ಉಪಯೋಗಕ್ಕೆ ಬರುತ್ತೆ ಅಂತಲೇ ವಾದಿಸಿದ. ಅಂದ್ರೆ ಪಾಪದಿಂದ ಪುಣ್ಯಕ್ಕೆ ನೇರವಾಗಿ ಎಳೆದ ಗೆರೆ ಅಲ್ಲ ಇದು.

ನಮ್ಮಲ್ಲಿ ಅಂತೂ ಎರಡೂ ಒಂದೇ ಕಾಲದಲ್ಲಿ, ಒಂದೇ ಮನೆಯ ಸುತ್ತ ಇದ್ದವು. ಹತ್ತನೇ ಶತಮಾನದ ಕೊನೆಗೆ ಹೋಗೋಣ. ಚಾವುಂಡರಾಯ ಶ್ರವಣಬೆಳಗೊಳದಲ್ಲಿ 58 ಅಡಿಯ ಬಾಹುಬಲಿಯನ್ನ ಒಂದೇ ಕಲ್ಲಲ್ಲಿ ಕಡೆಸುತ್ತಾನೆ. ಯಾರ ವಿಗ್ರಹ ಅದು? ಗೆದ್ದ ರಾಜ್ಯ ಬಿಟ್ಟು ತಪಸ್ಸಿಗೆ ನಿಂತವನದ್ದು. ಅಷ್ಟು ಬಿಟ್ಟರೂ ‘ನಾನು ಅಣ್ಣನ ನೆಲದ ಮೇಲೆ ನಿಂತಿದ್ದೀನಲ್ಲಾ’ ಅನ್ನೋ ಒಂದು ಮುಳ್ಳು ಮನಸ್ಸಲ್ಲಿ ಉಳಿದಿತ್ತು, ಅದು ಹೋಗೋವರೆಗೂ ಅವನಿಗೆ ಕೇವಲಜ್ಞಾನ ಸಿಗಲಿಲ್ಲ ಅಂತ ಕಥೆ. ಜೈನರಲ್ಲಿ ‘ಮಾನ’ ಅನ್ನೋದು ನಾಲ್ಕು ಕಷಾಯಗಳಲ್ಲಿ ಒಂದು. ವಿಗ್ರಹ ಮಾಡಿಸಿದವನನ್ನೂ ಜನ ಬಿಡಲಿಲ್ಲ. ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪೂರ್ತಿಯಾಗಲಿಲ್ಲ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಚೂರು ಹಾಲಿಗೆ ಗೊಮ್ಮಟ ಪೂರ್ತಿ ತೊಯ್ದ ಅನ್ನೋ ಕಥೆ ಕಟ್ಟಿದರು. ಬೆಟ್ಟದ ಮೇಲೆ ಗೊಮ್ಮಟನ ಎದುರಿಗೇ ಆ ಗುಳ್ಳಕಾಯಜ್ಜಿಯೂ ನಿಂತಿದ್ದಾಳೆ. ಅಂಥಾ ಪ್ರಾಜೆಕ್ಟ್ ಮಾಡಿ ಮುಗಿಸಿದವನಿಗೆ ಸ್ವಲ್ಪ ಹೆಮ್ಮೆ ಬಂದರೆ ತಪ್ಪೇನು ಅಂತ ನನಗೆ ಪ್ರತಿ ಸಲ ಅನ್ನಿಸುತ್ತೆ, ಅದು ಬೇರೆ ಮಾತು.

ಈಗ ಇದೇ ಚಾವುಂಡರಾಯನ ಆಶ್ರಯ ಪಡೆದಿದ್ದ ಕವಿ ರನ್ನ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸೋತು, ಒಬ್ಬಂಟಿಯಾಗಿ, ಹೆಣಗಳ ನಡುವೆ ನಡೆಯುತ್ತಾನೆ. ಸಂಧಿ ಮಾಡ್ಕೋ ಅಂದರೆ ಒಪ್ಪಲ್ಲ. ಹೈಸ್ಕೂಲಲ್ಲಿ ಇದನ್ನ ಓದಿದ ನಾವೆಲ್ಲ ಆ ಹೊತ್ತಿಗೆ ಭೀಮನನ್ನ ಮರೆತು ದುರ್ಯೋಧನನ ಕಡೆ ವಾಲಿದ್ದೆವು. ಅದಕ್ಕೂ ಮೊದಲು ಪಂಪ 941ರಲ್ಲೇ ತನ್ನ ಭಾರತದ ಕೊನೆಗೆ ನೆನೆಯಬೇಕಾದವರ ಪಟ್ಟಿ ಕೊಟ್ಟು, ಛಲಕ್ಕೆ ದುರ್ಯೋಧನ ಅಂತ ಹೇಳಿ ಹೋಗಿದ್ದ. ಬೆಟ್ಟದ ಮೇಲೆ ಮಾನ ಬಿಟ್ಟರೆ ಮೋಕ್ಷ, ಕಾವ್ಯದಲ್ಲಿ ಛಲ ಬಿಡದವನಿಗೆ ಮರ್ಯಾದೆ. ಸಾವಿರ ವರ್ಷದ ಹಿಂದಿನ ಕನ್ನಡಿಗರು ಈ ಎರಡನ್ನೂ ಆರಾಮಾಗಿ ಇಟ್ಟುಕೊಂಡಿದ್ದರು.

ಹಾಗಾದ್ರೆ ಬದಲಾಗಿದ್ದೇನು? ನನ್ನ ಪ್ರಕಾರ ನಿಜವಾಗಿ ಬದಲಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. ಹೆಮ್ಮೆ ಪಡೋ ಹಕ್ಕು ಯಾರಿಗಿದೆ ಅನ್ನೋ ಪ್ರಶ್ನೆಯನ್ನ ಮೊದಲ ಬಾರಿಗೆ ಕೆಳಗಿನಿಂದ ಕೇಳಿದರು. ಪೆರಿಯಾರ್ 1925ರಲ್ಲಿ ಶುರು ಮಾಡಿದ ಚಳವಳಿಯ ಹೆಸರೇ ಸ್ವಾಭಿಮಾನ ಚಳವಳಿ. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನ ಅಂಬೇಡ್ಕರ್ ಬೊಗಸೆಯಲ್ಲಿ ಎತ್ತಿ ಕುಡಿದದ್ದು ಬಾಯಾರಿಕೆಗಲ್ಲ. ನಮ್ಮಲ್ಲಿ ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೆ ಹೋದಾಗ ಕೇಳಿದ್ದು ಭೂಮಿ, ಕೂಲಿ ಮಾತ್ರ ಅಲ್ಲ. ಚಪ್ಪಲಿ ಹಾಕ್ಕೊಂಡು ಮೇಲಿನ ಕೇರಿಯಲ್ಲಿ ನಡೆಯೋದನ್ನ, ಹೋಟೆಲಿನಲ್ಲಿ ಎಲ್ಲರ ಲೋಟದಲ್ಲೇ ಟೀ ಕುಡಿಯೋದನ್ನ ಸೊಕ್ಕು ಅಂತ ಕರೀತಿದ್ದ ಊರುಗಳಲ್ಲಿ ಅವರು ಅದಕ್ಕೆ ಸ್ವಾಭಿಮಾನ ಅಂತ ಹೆಸರಿಟ್ಟರು. ಆಗಲೇ ತಲೆಮಾರುಗಳಿಂದ ಬೆನ್ನ ಮೇಲೆ ಬಂಡೆ ಹೊತ್ತವನಿಗೆ ‘ಗರ್ವ ಪಾಪ ಕಣಪ್ಪಾ’ ಅಂತ ಉಪದೇಶ ಮಾಡೋದು ಅಂದ್ರೆ ಡಾಂಟೆಯ ಬೆಟ್ಟದಲ್ಲಿ ಅವನಿಗೆ ಇನ್ನೊಂದು ಕಲ್ಲು ಹೊರಿಸಿದ ಹಾಗೆ. 1970ರಲ್ಲಿ ನ್ಯೂಯಾರ್ಕಿನಲ್ಲಿ, 2008ರಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆದ ಪ್ರೈಡ್ ಮೆರವಣಿಗೆಗಳಲ್ಲೂ ಆ ಪದದ ಅರ್ಥ ‘ನಾವು ನಿಮಗಿಂತ ಮೇಲು’ ಅಂತಲ್ಲ. ‘ನೀವು ಹೊರಿಸಿದ ನಾಚಿಕೆ ಇಗೋ, ವಾಪಸ್ ತಗೊಳ್ಳಿ’ ಅಂತ.

ಇಷ್ಟರ ಮಟ್ಟಿಗೆ ಹೆಮ್ಮೆ ಪಾಪದ ಪಟ್ಟಿಯಿಂದ ಆಚೆ ಬಂದದ್ದು ಬಹಳ ಒಳ್ಳೇದಾಯ್ತು. ತಕರಾರು ಶುರುವಾಗೋದು ಆಮೇಲೆ. ನಾಚಿಕೆಯ ವಿರುದ್ಧ ಕಷ್ಟಪಟ್ಟು ಗಳಿಸಿದ ಆ ಪದವನ್ನ ಯಾರೂ ಯಾವತ್ತೂ ನಾಚಿಕೆ ಹೊರಿಸದವರೂ ಎತ್ತಿಕೊಂಡು ಹೋದರು. ಸೆಪ್ಟೆಂಬರ್ 15 ಬಂದರೆ ಸರ್ ಎಂ.ವಿ. ಫೋಟೋ ಪಕ್ಕ ನಮ್ಮ ಫೋಟೋ, ಕೆಳಗೆ ‘ಹೆಮ್ಮೆಯ ಇಂಜಿನಿಯರ್’. ಫ್ಲೂಯಿಡ್ ಮೆಕ್ಯಾನಿಕ್ಸ್ ಇನ್ನೂ ಕ್ಲಿಯರ್ ಆಗಿರಲ್ಲ. ನವೆಂಬರ್ ಬಂದರೆ ಬೈಕಿನ ಮೇಲೆ ‘ಹೆಮ್ಮೆಯ ಕನ್ನಡಿಗ’, ಆದರೆ ನಮ್ಮ ಕ್ಲಬ್ಬಿನ ಪತ್ರಿಕೆಗೆ ಒಂದು ಪುಟ ಕನ್ನಡ ಬರೆದುಕೊಡಪ್ಪಾ ಅಂದರೆ ಆಸಾಮಿ ನಾಪತ್ತೆ. ಇನ್ನು ಲಿಂಕ್ಡ್‌ಇನ್ ಬಗ್ಗೆ ಏನು ಹೇಳೋದು! ಆಫರ್ ಲೆಟರ್ ಬಂದ ದಿನ ಎಲ್ಲರೂ ‘ಹಂಬಲ್ಡ್’. ಜಗತ್ತಿನ ಇತಿಹಾಸದಲ್ಲಿ ಗರ್ವ ವಿನಯದ ಶರ್ಟು ಹಾಕ್ಕೊಂಡು ಇಷ್ಟು ರಾಜಾರೋಷವಾಗಿ ಓಡಾಡಿದ್ದು ಇದೇ ಮೊದಲು ಇರಬೇಕು.

ಇದೆಲ್ಲ ತಮಾಷೆಗೆ ಸರಿ. ಇದರಿಂದ ಯಾರೂ ಸಾಯಲ್ಲ. ಆದರೆ ನಮ್ಮ ವೃತ್ತಿಯಲ್ಲಿ ಹೆಮ್ಮೆಯ ಲೆಕ್ಕ ತಪ್ಪಿದರೆ ಜನ ಸಾಯ್ತಾರೆ. ಅದಕ್ಕೇ ಕ್ವಿಬೆಕ್ ಸೇತುವೆಯ ಕಥೆಯನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಸಿವಿಲ್‌ನವರು ಒಂದು ಸ್ಲೈಡಿನಲ್ಲಿ ನೋಡಿರ್ತೀರಿ: ಕಂಪ್ರೆಷನ್ ಮೆಂಬರ್, ಬಕ್ಲಿಂಗ್, ಮುಂದಿನ ಸ್ಲೈಡು. ಆ ಸ್ಲೈಡಿನಲ್ಲಿ ಬರದೇ ಇರೋದೇ ನನಗೆ ಮುಖ್ಯ.

ಕೆನಡಾದ ಸೇಂಟ್ ಲಾರೆನ್ಸ್ ನದಿಗೆ ಕ್ಯಾಂಟಿಲಿವರ್ ಸೇತುವೆ ಕಟ್ಟಬೇಕಿತ್ತು. ಸಲಹೆಗಾರ ಇಂಜಿನಿಯರ್ ಥಿಯೋಡರ್ ಕೂಪರ್, ಆ ಕಾಲದ ಅಮೆರಿಕದಲ್ಲಿ ಸೇತುವೆ ಅಂದರೆ ಮೊದಲ ಸಾಲಿನಲ್ಲಿ ಬರುವ ಹೆಸರು. 1900ರಲ್ಲಿ ಆತ ಮುಖ್ಯ ಸ್ಪ್ಯಾನನ್ನ 1600 ಅಡಿಯಿಂದ 1800 ಅಡಿಗೆ ಏರಿಸಿದ. ಆಳದ ನೀರಿನಲ್ಲಿ ಪಿಯರ್ ಕಟ್ಟೋ ಕಷ್ಟ, ಮಂಜುಗಡ್ಡೆಯ ತೊಂದರೆ ತಪ್ಪುತ್ತೆ ಅನ್ನೋ ತಾಂತ್ರಿಕ ಕಾರಣಗಳಿದ್ದವು, ನಿಜ. ಜೊತೆಗೆ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯನ್ನ ಮೀರಿಸಿ ಇದು ಜಗತ್ತಿನಲ್ಲೇ ಅತಿ ಉದ್ದದ ಸ್ಪ್ಯಾನ್ ಕೂಡ ಆಗ್ತಿತ್ತು. ಸ್ಪ್ಯಾನ್ ಜಾಸ್ತಿ ಆದರೆ ಸ್ವಂತ ತೂಕವೂ ಜಾಸ್ತಿ, ಇದು ನಮಗೆ ಮೂರನೇ ಸೆಮಿಸ್ಟರಿನಲ್ಲೇ ಹೇಳಿಕೊಡ್ತಾರೆ. ಆದರೆ ಡೆಡ್ ಲೋಡನ್ನ ಸಮಯಕ್ಕೆ ಸರಿಯಾಗಿ ಮತ್ತೆ ಲೆಕ್ಕ ಹಾಕಲಿಲ್ಲ. 1906ರಲ್ಲಿ ನಿಜವಾದ ತೂಕ ಗೊತ್ತಾಗೋ ಹೊತ್ತಿಗೆ ಬಹಳಷ್ಟು ಉಕ್ಕು ತಯಾರಾಗಿ ಮೇಲೇರಿತ್ತು. ಹೆಚ್ಚಾದ ಸ್ಟ್ರೆಸ್ಸನ್ನ ತಡಕೊಳ್ಳುತ್ತೆ ಅಂತ ಕೂಪರ್ ಒಪ್ಪಿಗೆ ಕೊಟ್ಟ.

ಇದಕ್ಕೂ ಮೂರು ವರ್ಷ ಮೊದಲೇ, 1903ರಲ್ಲಿ, ಒಂದು ಘಟನೆ ನಡೆದಿತ್ತು. ಕೂಪರ್ ಇಟ್ಟ ಯೂನಿಟ್ ಸ್ಟ್ರೆಸ್ಸುಗಳು ತೀರಾ ಮೇಲಿವೆ ಅಂತ ಕೆನಡಾ ಸರ್ಕಾರದ ರೈಲ್ವೆ ಇಲಾಖೆಯ ಸೇತುವೆ ಇಂಜಿನಿಯರ್ ರಾಬರ್ಟ್ ಡಗ್ಲಸ್ ಆಕ್ಷೇಪ ಎತ್ತಿದ. ಇನ್ನೊಬ್ಬ ಇಂಜಿನಿಯರ್ ಕೈಲಿ ಡ್ರಾಯಿಂಗ್‌ಗಳನ್ನ ಪರಿಶೀಲನೆ ಮಾಡಿಸೋಣ ಅಂತ ಇಲಾಖೆ ಹೊರಟಿತು. ಕೂಪರ್ ಸುತರಾಂ ಒಪ್ಪಲಿಲ್ಲ. ಹಾಗೆ ಮಾಡಿದರೆ ತಾನು ಇನ್ನೊಬ್ಬನ ಕೈಕೆಳಗಿನವನಾದ ಹಾಗೆ ಆಗುತ್ತೆ ಅನ್ನೋದು ಅವನ ತಕರಾರು. ಇಷ್ಟು ದೊಡ್ಡ ಮನುಷ್ಯ ಬೇಡ ಅಂತಾನಲ್ಲಾ ಅಂತ ಇಲಾಖೆಯೂ ಸುಮ್ಮನಾಯ್ತು. ಆ ಒಂದು ಚೆಕ್ಕಿಂಗ್ ನಡೆದಿದ್ದರೆ? ಆರೋಗ್ಯ ಸರಿಯಿಲ್ಲ ಅಂತ ನ್ಯೂಯಾರ್ಕಿನಲ್ಲೇ ಕೂತಿದ್ದ ಕೂಪರ್, ಉಕ್ಕಿನ ಕೆಲಸ ಶುರುವಾದ ಮೇಲೆ ಸೈಟಿಗೆ ಒಂದು ಸಲವೂ ಹೋಗಲಿಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ‘ನೋಡಿ, ಅಹಂಕಾರ ಮಾಡಬಾರದು’ ಅಂತ ನೀತಿ ಹೇಳಿ ಮನೆಗೆ ಹೋಗಬಹುದು. ಪೋಪ್ ಗ್ರೆಗರಿಗೂ ಖುಷಿ. ಆದರೆ ಇನ್ನೊಂದು ಅರ್ಧ ಇದೆ.

1907ರ ಆಗಸ್ಟಿನಲ್ಲಿ ಸೈಟಿನಲ್ಲಿ ಕೂಪರ್ ಪರವಾಗಿ ಇದ್ದವನು ನಾರ್ಮನ್ ಮೆಕ್‌ಲ್ಯೂರ್, ಕಾಲೇಜು ಮುಗಿಸಿ ಮೂರೇ ವರ್ಷ ಆಗಿದ್ದ ಹುಡುಗ. ಅಂದ್ರೆ ಹೆಚ್ಚೂಕಮ್ಮಿ ನಮ್ಮ ಸೀನಿಯರ್‌ಗಳ ವಯಸ್ಸು. ಕೆಳಗಿನ ಕಾರ್ಡ್‌ಗಳು ಬಾಗುತ್ತಾ ಇರೋದನ್ನ ಅವನು ಅಳೆದ. ಒಂದು ಕಡೆ ಮುಕ್ಕಾಲು ಇಂಚು ಇದ್ದ ಬಾಗು, 27ನೇ ತಾರೀಖಿಗೆ ಎರಡೂಕಾಲು ಇಂಚು ಆಗಿತ್ತು. ಉಕ್ಕಿನ ಕಂಪನಿಯವರು ‘ಅದು ಮೊದಲಿಂದಲೂ ಹಂಗೇ ಇತ್ತು’ ಅಂದರು. ಮೆಕ್‌ಲ್ಯೂರ್‌ಗೆ ತನ್ನ ಟೇಪಿನ ಅಳತೆ ಸರಿ ಅಂತ ಗೊತ್ತಿತ್ತು. ಅವನು ಏನು ಮಾಡಿದ? ಕೆಲಸ ನಿಲ್ಲಿಸಲಿಲ್ಲ. ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳೋ ಅಧಿಕಾರವಾಗಲಿ ಧೈರ್ಯವಾಗಲಿ ಅಲ್ಲಿದ್ದ ಯಾರಿಗೂ ಇರಲಿಲ್ಲ. ಸ್ಥಳದಲ್ಲಿದ್ದ ಮುಖ್ಯ ಇಂಜಿನಿಯರ್ ಎಡ್ವರ್ಡ್ ಹೋರ್‌ಗೂ ಅಷ್ಟು ದೊಡ್ಡ ಸೇತುವೆಯ ಅನುಭವ ಇರಲಿಲ್ಲ, ಎಲ್ಲದಕ್ಕೂ ಕೂಪರ್ ಕಡೆ ನೋಡೋದೇ ಅಭ್ಯಾಸ. ಹಾಗಾಗಿ ಮೆಕ್‌ಲ್ಯೂರ್ ದೊಡ್ಡವರನ್ನ ಕೇಳಿಕೊಂಡು ಬರೋಕೆ ನ್ಯೂಯಾರ್ಕಿಗೆ ಹೊರಟ.

29ನೇ ತಾರೀಖು ಬೆಳಿಗ್ಗೆ ಕೂಪರ್ ಎದುರಿಗೆ ನಿಂತ. ಕೂಪರ್‌ಗೆ ತಕ್ಷಣ ಅರ್ಥವಾಯ್ತು, ಇನ್ನು ಭಾರ ಹಾಕಬೇಡಿ ಅಂತ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ನಲ್ಲಿದ್ದ ಉಕ್ಕಿನ ಕಂಪನಿಯ ಆಫೀಸಿಗೆ ತಂತಿ ಕೊಟ್ಟ. ಸೈಟಿಗೆ ಕೊಡಲಿಲ್ಲ. ಕಂಪನಿಯವರು ಬೆಳಿಗ್ಗೆ ಕೂತು ಮಾತಾಡೋಣ ಅಂದುಕೊಂಡರು. ಸಂಜೆ ಐದೂವರೆ ದಾಟಿತ್ತು, ಕೆಲಸ ಬಿಡೋ ಹೊತ್ತು. ಸೇತುವೆ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ ನದಿಗೆ ಬಿತ್ತು. ಮೇಲಿದ್ದ 86 ಜನರಲ್ಲಿ 75 ಜನ ಸತ್ತರು. ಅದರಲ್ಲಿ 33 ಮಂದಿ ಕಾನವಾಕೆ ಊರಿನ ಮೊಹಾಕ್ ಮೂಲನಿವಾಸಿಗಳು, ಎತ್ತರದಲ್ಲಿ ಉಕ್ಕಿನ ಕೆಲಸ ಮಾಡೋದರಲ್ಲಿ ಹೆಸರಾದ ಜನ. ಇನ್ನು ಮುಂದೆ ಊರಿನ ಗಂಡಸರೆಲ್ಲ ಒಂದೇ ಸೇತುವೆಗೆ ಹೋಗಕೂಡದು, ಬೇರೆ ಬೇರೆ ಕಡೆ ಹಂಚಿ ಹೋಗಬೇಕು ಅಂತ ಆ ಊರಿನ ಹೆಂಗಸರು ಪಟ್ಟು ಹಿಡಿದರು ಅಂತ ಹೇಳ್ತಾರೆ. ಈ ಇಡೀ ಕಥೆಯಲ್ಲಿ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂದರೇನು ಅಂತ ಸರಿಯಾಗಿ ಅರ್ಥ ಮಾಡಿಕೊಂಡವರು ಅವರೊಬ್ಬರೇ ಅನ್ನಿಸುತ್ತೆ.

ಈಗ ಹೇಳಿ, ಸೇತುವೆ ಬಿದ್ದದ್ದು ಹೆಮ್ಮೆ ಜಾಸ್ತಿಯಾಗಿಯೋ, ಕಡಿಮೆಯಾಗಿಯೋ? ನಾನು ಎರಡೂ ಅಂತೀನಿ, ಮತ್ತು ಎರಡನೆಯದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ ಅಂತಲೂ ಅಂತೀನಿ. ಮೇಲೆ ಕೂತವನಿಗೆ ‘ನನ್ನ ಲೆಕ್ಕ ಯಾರೂ ನೋಡಬೇಕಿಲ್ಲ’ ಅನ್ನೋ ಗರ್ವ. ಕೆಳಗಿದ್ದವರಿಗೆ ‘ನನ್ನ ಅಳತೆ ಸರಿ, ನಿಲ್ಲಿಸಿ’ ಅನ್ನೋಕೆ ಬೇಕಾದಷ್ಟು ಸ್ವಾಭಿಮಾನವನ್ನ ಯಾರೂ ಉಳಿಸಿರಲಿಲ್ಲ. ಮೊದಲನೆಯದು ಎರಡನೆಯದನ್ನ ತಿಂದು ಬೆಳೀತು. 1908ರ ರಾಯಲ್ ಕಮಿಷನ್ ವರದಿ ಕೂಪರ್ ಮತ್ತು ಕಂಪನಿಯ ಡಿಸೈನ್ ಇಂಜಿನಿಯರ್ ಪೀಟರ್ ಷ್ಲಾಪ್ಕಾ ಇಬ್ಬರ ತೀರ್ಮಾನಗಳನ್ನ ಹೊಣೆ ಮಾಡಿತು. ಮೆಕ್‌ಲ್ಯೂರ್‌ನನ್ನ ದೂರೋದು ನನಗೂ ಇಷ್ಟ ಇಲ್ಲ. ಆ ಜಾಗದಲ್ಲಿ ನಮ್ಮನ್ನ ನಿಲ್ಲಿಸಿ ನೋಡಿ. 68 ವರ್ಷದ ಘಟಾನುಘಟಿ ಒಂದು ಕಡೆ, ಕೈಯಲ್ಲೊಂದು ಟೇಪ್ ಹಿಡಿದ ಇಪ್ಪತ್ತರ ಹರೆಯದವನು ಇನ್ನೊಂದು ಕಡೆ. 1986ರ ಜನವರಿಯಲ್ಲಿ ಚಾಲೆಂಜರ್ ಹಾರೋ ಹಿಂದಿನ ರಾತ್ರಿ ಓ-ರಿಂಗ್ ಚಳಿಗೆ ಕೆಲಸ ಮಾಡಲ್ಲ ಅಂತ ಗಟ್ಟಿಯಾಗಿಯೇ ಹೇಳಿದ ಇಂಜಿನಿಯರ್‌ಗಳೂ ಇದ್ದರು, ಅವರ ಮೇಲಿನವರು ಮಾತು ತಿರುಗಿಸಿದರು. ಹೇಳೋರು ಇದ್ದರೆ ಸಾಲದು, ಕೇಳೋರಿಗೂ ತಲೆ ಬಗ್ಗಿಸೋದು ಗೊತ್ತಿರಬೇಕು.

ಕೆನಡಾದಲ್ಲಿ ಇಂಜಿನಿಯರಿಂಗ್ ಮುಗಿಸಿದವರು ಬಲಗೈಯಲ್ಲಿ ಬರೆಯೋರಾದರೆ ಬಲಗೈ, ಎಡಗೈಯವರಾದರೆ ಎಡಗೈ ಕಿರುಬೆರಳಿಗೆ ಒಂದು ಕಬ್ಬಿಣದ ಉಂಗುರ ಹಾಕ್ಕೊಳ್ತಾರೆ. 1925ರಿಂದ ನಡೆದು ಬಂದಿರೋ ಪದ್ಧತಿ. ಬಿದ್ದ ಕ್ವಿಬೆಕ್ ಸೇತುವೆಯ ಉಕ್ಕಿನಿಂದ ಮಾಡಿದ್ದು ಅಂತ ವಾಟ್ಸಾಪಿನಲ್ಲಿ ಬರುತ್ತೆ, ಅದು ಸುಳ್ಳು. ಆದರೆ ಆ ಉಂಗುರ ಡ್ರಾಯಿಂಗ್ ಮಾಡುವಾಗ ಹಾಳೆಗೆ ತಾಗ್ತಾ ಇರಬೇಕು ಅನ್ನೋದು ನಿಜವಾದ ಉದ್ದೇಶ. ಇಂಜಿನಿಯರ್ ಆದೆ ಅನ್ನೋ ಹೆಮ್ಮೆಗೂ ಅದೇ ಉಂಗುರ, ಮೈಮರೀಬೇಡ ಅನ್ನೋದಕ್ಕೂ ಅದೇ. ಚಿನ್ನದ್ದಲ್ಲ ಅನ್ನೋದು ನನಗೆ ಹಿಡಿಸಿದ ವಿಷಯ.

ನಮ್ಮ ಕ್ಯಾಂಪಸ್ಸಿಗೆ ಬರೋಣ. ಇಲ್ಲಿ ಕೂಪರ್‌ಗಳೂ ಇದ್ದಾರೆ, ಮೆಕ್‌ಲ್ಯೂರ್‌ಗಳೂ ಇದ್ದಾರೆ. ಪ್ರಾಜೆಕ್ಟ್ ಟೀಮಿನಲ್ಲಿ ಚೆನ್ನಾಗಿ ಕೋಡ್ ಮಾಡೋ ಒಬ್ಬ ಇರ್ತಾನೆ. ‘ರಿವ್ಯೂ ಯಾಕೆ ಮಗಾ, ನಾನೇ ಬರ್ದಿದ್ದು’ ಅಂತ ರಾತ್ರಿ ಎರಡು ಗಂಟೆಗೆ ನೇರವಾಗಿ ಮೇನ್ ಬ್ರಾಂಚಿಗೆ ಪುಶ್ ಮಾಡ್ತಾನೆ. ಉಳಿದ ಮೂವರಲ್ಲಿ ಒಬ್ಬಳಿಗೆ ಲಾಜಿಕ್ಕಿನಲ್ಲಿ ತಪ್ಪು ಕಾಣಿಸುತ್ತೆ. ಆದರೆ ಅವಳು ಕನ್ನಡ ಮೀಡಿಯಂನಿಂದ ಬಂದವಳು, ಇಂಗ್ಲಿಷಿನಲ್ಲಿ ವಾದ ಮಾಡೋಕೆ ಹಿಂಜರಿಕೆ. ಒಂದು ಸಲ ಹೇಳಿ ನೋಡ್ತಾಳೆ, ಅವನು ನಗ್ತಾನೆ, ಅವಳು ಸುಮ್ಮನಾಗ್ತಾಳೆ. ಎರಡನೇ ಸಲ ಹೇಳಿದ್ದರೆ ‘ಅವಳಿಗೆ ಸೊಕ್ಕು ಜಾಸ್ತಿ’ ಆಗ್ತಿತ್ತು. ಲ್ಯಾಬಿನಲ್ಲಿ ರೀಡಿಂಗ್ ಮ್ಯಾನುಯಲ್‌ಗೆ ಹೊಂದಲಿಲ್ಲ ಅಂದರೆ ನಾವು ಮಾಡೋದೇನು? ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ‘ಸರಿ’ ಮಾಡ್ಕೋತೀವಿ. ನಾಲ್ಕು ವರ್ಷ ನಮ್ಮ ಕಣ್ಣಿಗೆ ಕಂಡ ಅಳತೆಯನ್ನ ನಾವೇ ನಂಬದೆ ಇರೋ ತರಬೇತಿ ಅದು. ಬಾಗಿದ ಕಾರ್ಡನ್ನ ‘ಮೊದಲಿಂದಲೂ ಹಂಗೇ ಇತ್ತು’ ಅನ್ನೋಕೆ ಬೇಕಾದ ಎಲ್ಲ ಅಭ್ಯಾಸವೂ ಅಲ್ಲೇ ಆಗುತ್ತೆ. ವೈವಾದಲ್ಲಿ ಬೋರ್ಡಿನ ಮೇಲಿನ ಸೈನ್ ತಪ್ಪು ಅಂತ ಹೇಳಿದ ಹುಡುಗನಿಗೆ ‘ಎದುರು ಮಾತಾಡ್ತೀಯಾ’ ಅಂತ ಸಿಗೋ ಉತ್ತರ ಯಾವ ಕಾಲೇಜಿನವರಿಗೂ ಹೊಸದಲ್ಲ. ಅದೇ ಮಾತಿಗೆ ‘ಹೌದಲ್ಲೋ, ಥ್ಯಾಂಕ್ಸ್’ ಅಂದು ಒರೆಸಿ ಬರೆಯೋ ಮೇಷ್ಟ್ರೂ ಇದ್ದಾರೆ. ಅವರ ಕ್ಲಾಸಿಗೆ ಯಾಕೆ ಲಾಸ್ಟ್ ಬೆಂಚ್ ಕೂಡ ತುಂಬಿರುತ್ತೆ ಅಂತ ಯೋಚನೆ ಮಾಡಿದ್ದೀರಾ?

ವಿನಯ ಕಲಿಸಿ ಅಂತ ನಮಗೆ ಎಲ್ಲರೂ ಹೇಳ್ತಾರೆ. ಯಾರಿಗೆ ಕಲಿಸಬೇಕು ಅನ್ನೋದರಲ್ಲಿ ನನ್ನ ತಕರಾರು. ಫಸ್ಟ್ ಇಯರ್‌ನ, ಇನ್ನೂ ಬಾಯಿ ಬಿಡದ ಹುಡುಗಿಗೆ ವಿನಯದ ಪಾಠ ಬೇಕಾಗಿಲ್ಲ, ಅವಳಿಗೆ ಚೂರು ಸೊಕ್ಕು ಕಲಿಸಿ. ವಿನಯದ ಕ್ಲಾಸನ್ನ ಟಾಪರ್‌ಗಳಿಗೆ, ಟೀಮ್ ಲೀಡ್‌ಗಳಿಗೆ, ನಮ್ಮ ಕ್ಲಬ್ಬಿನ ಪದಾಧಿಕಾರಿಗಳಿಗೆ ಇಟ್ಟುಕೊಳ್ಳಿ, ನಾನೂ ಬರ್ತೀನಿ. ‘ಎಲ್ಲರೂ ಸಮಾನವಾಗಿ ವಿನಯದಿಂದಿರಿ’ ಅನ್ನೋ ಉಪದೇಶ ಕೇಳೋಕೆ ಚೆಂದ, ಆದರೆ ಅದರಿಂದ ಬಾಯಿ ಮುಚ್ಚೋದು ಮೊದಲೇ ಮುಚ್ಚಿಕೊಂಡವರದ್ದೇ.

ಒಂದು ಸಣ್ಣ ಸಲಹೆ ಇದೆ. ಫೈನಲ್ ಇಯರ್ ಪ್ರಾಜೆಕ್ಟ್ ಎಕ್ಸ್‌ಪೋ ಹತ್ತಿರ ಬರ್ತಾ ಇದೆ. ಪ್ರತಿ ಪೋಸ್ಟರಿನಲ್ಲೂ ಗೈಡ್ ಹೆಸರು, ಟೀಮಿನ ಹೆಸರು, ಕೆಳಗೆ ದೊಡ್ಡ ಅಕ್ಷರದಲ್ಲಿ ಪ್ರಶಸ್ತಿಗಳು ಇರುತ್ತವೆ. ಈ ಸಲ ಇನ್ನೊಂದು ಸಾಲು ಸೇರಿಸೋಣ: ನಮ್ಮ ಲೆಕ್ಕವನ್ನ ಟೀಮಿನ ಹೊರಗೆ ಯಾರು ಚೆಕ್ ಮಾಡಿದರು, ಯಾವ ತಪ್ಪು ಹಿಡಿದರು. ಜೂನಿಯರ್ ಹಿಡಿದಿದ್ದರೆ ಜೂನಿಯರ್ ಹೆಸರು, ವರ್ಕ್‌ಶಾಪಿನ ಅಣ್ಣ ಹಿಡಿದಿದ್ದರೆ ಅವರ ಹೆಸರು. ಆ ಸಾಲು ಖಾಲಿ ಬಿಟ್ಟ ಪೋಸ್ಟರಿನ ಮುಂದೆ ಜಡ್ಜುಗಳು ಐದು ನಿಮಿಷ ಜಾಸ್ತಿ ನಿಲ್ಲಲಿ. ಕೋಆರ್ಡಿನೇಟರ್‌ಗಳಿಗೆ ಈ ಲೇಖನ ಯಾರಾದ್ರೂ ಫಾರ್ವರ್ಡ್ ಮಾಡಿ, ಫಾರ್ಮ್ಯಾಟ್ ಫೈನಲ್ ಆಗೋಕೆ ಮುಂಚೆ.